ನೆಲದ ಮೇಲಿನ ಗೆರೆ, ಅಂಚಿನ ದೀಪ

ಆಕಾಶದಲ್ಲಿ ಹಾರುವ ವಿಮಾನವನ್ನು ಕಂಡು ಬೆರಗಾಗುವ ನಾವು, ಅದು ನೆಲದ ಮೇಲೆ ನಡೆಯುವ ಬಗೆಯನ್ನು ಅಷ್ಟಾಗಿ ಗಮನಿಸುವುದಿಲ್ಲ. ನಿಲುಗಡೆಯ ಅಂಗಳದಿಂದ ರನ್‌ವೇಯವರೆಗೆ ವಿಮಾನ ಉರುಳಿಕೊಂಡು ಹೋಗುವ ಹಾದಿಗೆ ಟ್ಯಾಕ್ಸಿವೇ ಎಂದು ಹೆಸರು. ಈ ಹಾದಿಗೂ ಒಂದು ಲಿಪಿಯುಂಟು. ಗೆರೆಗಳೂ ಬಣ್ಣದ ದೀಪಗಳೂ ಅದರ ಅಕ್ಷರಗಳು.

ನಮ್ಮ ಶಾಲೆಯ ವಸ್ತುಪ್ರದರ್ಶನಕ್ಕೆ ಹುಡುಗನೊಬ್ಬ 1:72ರ ಪ್ರಮಾಣದಲ್ಲಿ ವಿಮಾನದ ಮಾದರಿಯೊಂದನ್ನು ಮಾಡಿ ತಂದಿದ್ದ. ಒಂದಡಿ ಚೌಕದ ಹಲಗೆಯ ಮೇಲೆ ಟ್ಯಾಕ್ಸಿವೇ ಬಿಡಿಸಿ, ಅಂಚಿಗೆ ಹನ್ನೆರಡು ನೀಲಿ ದೀಪಗಳನ್ನು ನೆಟ್ಟಿದ್ದ. ನೋಡಲು ದೀಪಾವಳಿಯಂತೆ ಸೊಗಸಾಗಿಯೇ ಇತ್ತು. ವಿಮಾನ ನಿಲ್ದಾಣದಲ್ಲಿ ದುಡಿದು ನಿವೃತ್ತರಾದ ಹಿರಿಯರೊಬ್ಬರು ಅದನ್ನು ನೋಡಿ, “ಏನಪ್ಪಾ, ನಿಲ್ಲಬೇಕಾದ ಕಡೆ ನುಗ್ಗು ಎಂದು ಬರೆದಿದ್ದೀಯಲ್ಲ!” ಎಂದರು. ಕನ್ನಡ ಮೇಷ್ಟರಾದ ನನಗೂ ಅದರ ಅರ್ಥ ಹೊಳೆಯಲಿಲ್ಲ. ಅವರು ವಿವರಿಸಿದುದನ್ನೂ ಆಮೇಲೆ ನಾನು ಓದಿ ತಿಳಿದುದನ್ನೂ ಇಲ್ಲಿ ಹೇಳುತ್ತೇನೆ.

ರನ್‌ವೇಯ ಗೆರೆಗಳು ಬಿಳಿ. ಟ್ಯಾಕ್ಸಿವೇಯ ಗೆರೆಗಳು ಹಳದಿ. ಹಾದಿಯ ನಡುವೆ ಎಡೆಬಿಡದ ಹಳದಿ ಗೆರೆಯೊಂದು ಓಡುತ್ತದೆ. ಅಂಚಿನ ದೀಪ ನೀಲಿ, ನಡುಗೆರೆಯ ದೀಪ ಹಸಿರು. ಇನ್ನು ರನ್‌ವೇಗೆ ಮುನ್ನ ಹಾದಿಗೆ ಅಡ್ಡಲಾಗಿ ನಾಲ್ಕು ಹಳದಿ ಗೆರೆಗಳಿರುತ್ತವೆ. ಎರಡು ಅಖಂಡ, ಎರಡು ತುಂಡುತುಂಡು. ಅಖಂಡ ಗೆರೆಗಳು ಟ್ಯಾಕ್ಸಿವೇಯ ಕಡೆಗೆ, ತುಂಡು ಗೆರೆಗಳು ರನ್‌ವೇಯ ಕಡೆಗೆ. ಅಖಂಡ ಗೆರೆ ಮೊದಲು ಎದುರಾದರೆ ನಿಲ್ಲಬೇಕು, ಅಪ್ಪಣೆಯಿಲ್ಲದೆ ದಾಟಕೂಡದು. ತುಂಡು ಗೆರೆ ಮೊದಲು ಎದುರಾದರೆ ದಾಟಿ ಹೊರಬರಬಹುದು. ಇದು ವಿಮಾನದ ಲಕ್ಷ್ಮಣರೇಖೆ. ಹುಡುಗ ಇದನ್ನೇ ತಿರುಗುಮುರುಗಾಗಿ ಬರೆದಿದ್ದ.

ಇಷ್ಟು ಸಣ್ಣ ತಪ್ಪಿಗೆ ಇಷ್ಟು ಮಾತೇಕೆ ಎನ್ನಬಹುದು. 2001ರ ಅಕ್ಟೋಬರ್ 8ರ ಬೆಳಿಗ್ಗೆ ಇಟಲಿಯ ಮಿಲಾನ್ ನಗರದ ಲಿನಾಟೆ ನಿಲ್ದಾಣದಲ್ಲಿ ದಟ್ಟವಾದ ಮಂಜು ಕವಿದಿತ್ತು. ಆರ್-5 ಎಂಬ ಹಾದಿ ಹಿಡಿಯಬೇಕಾಗಿದ್ದ ಸಣ್ಣ ವಿಮಾನವೊಂದು ಆರ್-6 ಹಿಡಿದು ರನ್‌ವೇಗೆ ಬಂದುಬಿಟ್ಟಿತು. ಮೇಲೇಳಲು ಓಡಿಬರುತ್ತಿದ್ದ ದೊಡ್ಡ ವಿಮಾನ ಅದಕ್ಕೆ ಬಡಿದು 118 ಮಂದಿ ಮಡಿದರು. ಅಲ್ಲಿಯ ದೀಪ, ಗುರುತು, ಫಲಕಗಳು ಅಂತರರಾಷ್ಟ್ರೀಯ ನಿಯಮಕ್ಕೆ ತಕ್ಕಂತೆ ಇರಲಿಲ್ಲವೆಂದು ತನಿಖೆಯಿಂದ ತಿಳಿಯಿತು. ಕಾಗುಣಿತ ತಪ್ಪಿದರೆ ಅರ್ಥ ಕೆಡುತ್ತದೆ. ಇಲ್ಲಿ ಪ್ರಾಣವೇ ಹೋಗುತ್ತದೆ.

ಇನ್ನು ಲೆಕ್ಕ. ನಡುಗೆರೆಯ ಅಗಲ ಕನಿಷ್ಠ 15 ಸೆಂಟಿಮೀಟರು. 72ರಿಂದ ಭಾಗಿಸಿದರೆ 2 ಮಿಲಿಮೀಟರು. 15 ಮೀಟರು ಅಗಲದ ಹಾದಿ ಸುಮಾರು 21 ಸೆಂಟಿಮೀಟರಾಗುತ್ತದೆ. ನೇರ ಹಾದಿಯಲ್ಲಿ ಅಂಚಿನ ದೀಪಗಳ ನಡುವಣ ಅಂತರ 60 ಮೀಟರಿನವರೆಗೂ ಇರಬಹುದು. ಅಂದರೆ ಮಾದರಿಯಲ್ಲಿ 83 ಸೆಂಟಿಮೀಟರು! ತಿರುವುಗಳಲ್ಲಿ ದೀಪಗಳು ಹತ್ತಿರವಾಗುತ್ತವೆ, ನಿಜ. ಆದರೆ ಒಂದಡಿಯ ನೇರ ಹಾದಿಗೆ ಎಡಕ್ಕೊಂದು ಬಲಕ್ಕೊಂದು ದೀಪ ಧಾರಾಳವಾಗಿ ಸಾಕು.

ಮಾಡುವ ಬಗೆ ಸುಲಭ. ಹಲಗೆಗೆ ನುಣುಪಾದ ಉಜ್ಜುಕಾಗದವನ್ನು ಅಂಟಿಸಿ ಬೂದುಬಣ್ಣ ಬಳಿಯಬೇಕು. ಬಿಸಿಲು ಮಳೆಗೆ ಸಿಕ್ಕ ಡಾಂಬರು ಅಚ್ಚಗಪ್ಪಾಗಿ ಉಳಿಯುವುದಿಲ್ಲ. ಗೆರೆಯ ಇಕ್ಕೆಲಕ್ಕೂ ಅಂಟುಪಟ್ಟಿ ಹಚ್ಚಿ ನಡುವೆ ಹಳದಿ ತೆಳುವಾಗಿ ಎರಡು ಸಲ ಬಳಿದು, ಪೂರ್ತಿ ಒಣಗುವ ಮೊದಲೇ ಪಟ್ಟಿಯನ್ನು ಕಿತ್ತರೆ ಅಂಚು ನೇರವಾಗಿ ಬರುತ್ತದೆ. ಅಂಚಿನ ದೀಪಕ್ಕೆ 5 ಮಿಲಿಮೀಟರು ಎತ್ತರದ ತಂತಿಯ ತುಂಡು, ತುದಿಗೆ ನೀಲಿ ಗಾಜಿನ ಸಣ್ಣ ಮಣಿ. ನಡುಗೆರೆಯ ದೀಪ ನೆಲಕ್ಕೆ ಹುದುಗಿದ್ದು. ಅದಕ್ಕೆ ಹಸಿರಿನ ಒಂದು ಚುಕ್ಕೆ ಸಾಕು.

ಹುಡುಗ ಹತ್ತು ದೀಪಗಳನ್ನು ಕಿತ್ತು, ನಾಲ್ಕು ಗೆರೆಗಳನ್ನು ತಿದ್ದಿ ಬರೆದ. ಹಲಗೆ ಬರಿದಾದಂತೆ ಕಂಡಿತು. ಆದರೆ ಮರುದಿನ ಮತ್ತೆ ಬಂದ ಆ ಹಿರಿಯರು ಕನ್ನಡಕ ಸರಿಪಡಿಸಿಕೊಂಡು ಬಗ್ಗಿ ನೋಡಿ, “ಈಗ ಇದು ನಿಂತಿದೆ” ಎಂದರು.