ಯುದ್ಧವೂ ಮಲೆನಾಡಿನ ಚಳಿಜ್ವರವೂ

ಯುದ್ಧವೆಂದರೆ ತೋಪು, ತುಪಾಕಿ, ವಿಮಾನಗಳಷ್ಟೇ ಎಂದು ಭಾವಿಸುವವರುಂಟು. ಆದರೆ ರಣರಂಗದಿಂದ ಸಾವಿರಾರು ಮೈಲಿ ದೂರದಲ್ಲಿ, ಒಂದು ಗುಂಡಿನ ಸದ್ದನ್ನೂ ಕೇಳದ ಊರಿನಲ್ಲಿಯೂ ಯುದ್ಧವು ಮಕ್ಕಳನ್ನು ಕೊಂಡೊಯ್ಯಬಲ್ಲದು. ನಮ್ಮ ಕಾಫಿಯ ಸೀಮೆಯ ಹಿರಿಯರು ಇದನ್ನು ಕಣ್ಣಾರೆ ಕಂಡವರು. ಆ ಸಂಗತಿಯನ್ನು ವಾಚಕರ ಮುಂದಿಡಬೇಕೆಂಬುದೇ ನಮ್ಮ ಅಪೇಕ್ಷೆ.

ಚಿಕ್ಕಮಗಳೂರು, ಮೂಡಿಗೆರೆ, ಕಳಸಗಳು ಕಡೂರು ಜಿಲ್ಲೆಗೆ ಸೇರಿದ್ದ ಆ ಕಾಲದಲ್ಲಿ ಚಳಿಜ್ವರವು ಪ್ರತಿವರ್ಷವೂ ಕರೆಯದೆ ಬರುವ ನೆಂಟನಾಗಿತ್ತು. ಚರಕಸಂಹಿತೆಯು ವಿಷಮಜ್ವರಗಳಲ್ಲಿ ತೃತೀಯಕ, ಚತುರ್ಥಕವೆಂದು ಹೆಸರಿಸಿರುವವುಗಳ ಲಕ್ಷಣಗಳು ಇದಕ್ಕೆ ಬಹುಮಟ್ಟಿಗೆ ಒಪ್ಪುತ್ತವೆ. ಪದೇ ಪದೇ ಜ್ವರ ಬಂದವರ ಗುಲ್ಮವು ಊದಿ ಎಡಪಕ್ಕೆಯ ಕೆಳಗೆ ಕೈಗೆ ತಗಲುತ್ತಿತ್ತು. ಜನರು ಅದನ್ನು ಜ್ವರಗಡ್ಡೆ ಎನ್ನುತ್ತಿದ್ದರು. ಈ ಜ್ವರವನ್ನು ಹರಡುವ ಅನಾಫಿಲಿಸ್ ಫ್ಲುವಿಯಾಟಿಲಿಸ್ ಎಂಬ ಸೊಳ್ಳೆಯು ಕೊಳಚೆಯನ್ನು ಹುಡುಕುವುದಲ್ಲ. ತಿಳಿಯಾಗಿ ಹರಿಯುವ ಹಳ್ಳದ ಹುಲ್ಲಂಚಿನಲ್ಲಿ ಮೊಟ್ಟೆಯಿಡತಕ್ಕದ್ದು. ಆದುದರಿಂದ ಅಂಗಳವನ್ನು ಎಷ್ಟು ಚೊಕ್ಕಟವಾಗಿಟ್ಟರೂ ಮಲೆನಾಡಿನ ಗೃಹಸ್ಥನಿಗೆ ಇದರಿಂದ ಬಿಡುಗಡೆಯಿರಲಿಲ್ಲ. ಅಮೃತಬಳ್ಳಿಯ ಕಷಾಯವನ್ನು ಮನೆಮನೆಯಲ್ಲಿಯೂ ಕುದಿಸುತ್ತಿದ್ದರು. ಆದರೆ ನೆಚ್ಚಬಹುದಾದ ಮದ್ದು ಕ್ವಿನೈನೊಂದೇ.

ಈ ಕಹಿಪುಡಿಯು ಸಿಂಕೋನ ಮರದ ತೊಗಟೆಯಿಂದ ದೊರೆಯತಕ್ಕದ್ದು. ನೀಲಗಿರಿಯಲ್ಲಿಯೂ ದಾರ್ಜಿಲಿಂಗಿನ ಬೆಟ್ಟಗಳಲ್ಲಿಯೂ ಸರ್ಕಾರದ ಸಿಂಕೋನ ತೋಟಗಳಿದ್ದುವು. ಅವುಗಳ ಉತ್ಪನ್ನವು ದೇಶಕ್ಕೆ ಸಾಲುತ್ತಿರಲಿಲ್ಲ. ಲೋಕಕ್ಕೆ ಬೇಕಾದುದರಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಡಚ್ಚರ ವಶದಲ್ಲಿದ್ದ ಜಾವಾ ದ್ವೀಪದಿಂದ ಬರುತ್ತಿತ್ತು. 1942ರ ಮಾರ್ಚಿಯಲ್ಲಿ ಜಾವಾ ಜಪಾನೀಯರ ಕೈಸೇರಿತು. ಅದೇ ವಾರದಲ್ಲಿ ರಂಗೂನೂ ಬಿದ್ದು, ಬರ್ಮಾದ ಅಕ್ಕಿಯೂ ನಿಂತಿತು. ಹೀಗೆ ಅನ್ನವೂ ಔಷಧವೂ ಒಟ್ಟಿಗೆ ದುರ್ಲಭವಾದುವು. ಇದ್ದ ಅಲ್ಪಸ್ವಲ್ಪ ಕ್ವಿನೈನಿನ ಮೇಲೆ ಸೈನ್ಯಕ್ಕೇ ಮೊದಲ ಹಕ್ಕು. ಅರೆಹೊಟ್ಟೆಯ ದೇಹಕ್ಕೆ ಜ್ವರವು ಬಂದರೆ ಆಗುವುದೇನೆಂದು ಹೇಳಬೇಕಾಗಿಲ್ಲ.

ನಮ್ಮ ಅಜ್ಜಿಯವರು ಹೇಳುತ್ತಿದ್ದ ಮಾತೊಂದುಂಟು. 1943ರ ಕಾಫಿ ಕೊಯ್ಲಿನ ಕಾಲ. ಕಳಸದ ಸಮೀಪದ ನಮ್ಮ ಹಳ್ಳಿಯಲ್ಲಿ ಇಬ್ಬರು ಮಕ್ಕಳು ಒಂದೇ ಕಂಬಳಿಯೊಳಗೆ ನಡುಗುತ್ತಿದ್ದರು. ಅಜ್ಜನವರು ಎಂಟು ಮೈಲಿ ನಡೆದು ಔಷಧಾಲಯಕ್ಕೆ ಹೋಗಿ, ಇಡೀ ಹಗಲು ಕಾದು, ಒಬ್ಬರಿಗಾಗುವಷ್ಟು ಪುಡಿಯನ್ನು ತಂದರು. ತಾಯಿಯಾದವಳು ಮತ್ತೇನು ಮಾಡಿಯಾಳು? ಸಮವಾಗಿ ಎರಡು ಪಾಲು ಮಾಡಿ, ಜೇನಿನಲ್ಲಿ ಕಲಸಿ ಇಬ್ಬರಿಗೂ ನೆಕ್ಕಿಸಿದಳು. ಅರೆಪಾಲಿಗೆ ಜ್ವರವು ಅಡಗಲಿಲ್ಲ. ಶಿವರಾತ್ರಿಗೆ ಮೊದಲೇ ಹಿರಿಯ ಮಗಳು ತೀರಿಕೊಂಡಳು. ಬದುಕಿದ ಕಿರಿಯವರೇ ನಮ್ಮ ತಂದೆಯವರು. “ಪೂರ್ತಿ ಒಬ್ಬರಿಗೇ ಕೊಡಬೇಕಾಗಿತ್ತೇನೋ, ಆದರೆ ಯಾರಿಗೆ ಕೊಡಲಿ ಮಗಾ?” ಎಂದು ಅಜ್ಜಿಯವರು ಮುಪ್ಪಿನಲ್ಲಿಯೂ ನಮ್ಮನ್ನು ಕೇಳುತ್ತಿದ್ದರು. ನಲವತ್ತು ವರ್ಷ ಪಾಠ ಹೇಳಿದ ನಮ್ಮಲ್ಲಿ ಇದಕ್ಕೆ ಉತ್ತರವಿಲ್ಲ.

ಯುದ್ಧವು ಒಂದು ಕೈಯಿಂದ ಕಿತ್ತುಕೊಂಡು ಮತ್ತೊಂದು ಕೈಯಿಂದ ಕೊಟ್ಟದ್ದೂ ಉಂಟು. ಕ್ವಿನೈನು ಸಿಕ್ಕದುದರಿಂದಲೇ ಮೆಪಕ್ರಿನ್ ಎಂಬ ಹಳದಿ ಗುಳಿಗೆಯ ತಯಾರಿಕೆಯು ಹೆಚ್ಚಿತು. ಸ್ವಿಟ್ಜರ್ಲೆಂಡಿನ ಪೌಲ್ ಮುಲ್ಲರ್ 1939ರಲ್ಲಿ ಕಂಡುಹಿಡಿದ ಡಿ.ಡಿ.ಟಿ.ಯ ಕೀಟನಾಶಕ ಗುಣವು ಸೈನ್ಯಗಳ ಮೂಲಕ ಲೋಕಪ್ರಸಿದ್ಧವಾಯಿತು. 1953ರಲ್ಲಿ ನಮ್ಮ ದೇಶದ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮವು ಆರಂಭವಾದ ಮೇಲೆ ಮನೆಗೋಡೆಗಳಿಗೆ ಅದನ್ನೇ ಸಿಂಪಡಿಸಿದರು; ಚಳಿಜ್ವರದ ಹಾವಳಿಯು ತಗ್ಗಿತು. ಆದರೆ ಕಾಲ ಮೀರಿ ಬಂದ ಉಪಕಾರವು ಅಜ್ಜಿಯವರ ಮಗಳನ್ನು ಉಳಿಸಲಿಲ್ಲ.

ಆದುದರಿಂದ ವಾಚಕರಲ್ಲಿ ನಮ್ಮ ವಿಜ್ಞಾಪನೆಯಿಷ್ಟೆ. ಎಲ್ಲಿಯಾದರೂ ಯುದ್ಧವೆಂಬ ವಾರ್ತೆಯನ್ನು ಓದಿದಾಗ ಮಡಿದ ಯೋಧರ ಲೆಕ್ಕವನ್ನಷ್ಟೇ ನೋಡಿ ಹಾಳೆಯನ್ನು ಮಗುಚಬೇಡಿರಿ. ಯಾವ ಬಂದರು ಮುಚ್ಚಿತು, ಯಾವ ಔಷಧ ನಿಂತಿತು, ಯಾವ ದೂರದ ಹಳ್ಳಿಯಲ್ಲಿ ಯಾವ ತಾಯಿ ಒಂದು ಪುಡಿಯನ್ನು ಎರಡು ಪಾಲು ಮಾಡುತ್ತಿರುವಳು ಎಂಬುದನ್ನೂ ನೆನೆಯಿರಿ.