ಮೈಲಿಗಲ್ಲು ಹೇಳದ ಲೆಕ್ಕ

ಹುಣಸೂರಿನಿಂದ ಹೆಗ್ಗಡದೇವನಕೋಟೆಗೆ ಎಷ್ಟು ದೂರ ಎಂದು ಕೇಳಿದರೆ ಸುಮಾರು 30 ಕಿಲೋಮೀಟರ್ ಎಂದು ಯಾರಾದರೂ ಹೇಳುತ್ತಾರೆ. ಅದೇ ದಾರಿಗೆ ಸೈಕಲ್ಲಿನಲ್ಲಿ ಎಷ್ಟು ಹೊತ್ತು ಬೇಕೆಂದು ಕೇಳಿ ನೋಡಿ. ಒಬ್ಬರು ಎರಡು ಗಂಟೆ ಎಂದರೆ ಇನ್ನೊಬ್ಬರು ಅರ್ಧ ದಿನ ಎನ್ನುತ್ತಾರೆ. ಮೈಲಿಗಲ್ಲು ದೂರವನ್ನಷ್ಟೇ ಹೇಳುತ್ತದೆ. ಏರನ್ನು ಅದು ಹೇಳುವುದಿಲ್ಲ. ಏರಿಳಿತದ ನಾಡಿನಲ್ಲಿ ಸೈಕಲ್ ಸವಾರನ ದಿನವನ್ನು ನಿರ್ಧರಿಸುವುದು ಈ ಏರಿನ ಲೆಕ್ಕವೇ. ಮಾತುಕತೆಯಲ್ಲಿ ಸಮಯ ಸಾಲದೆ ಉಳಿದ ಈ ಲೆಕ್ಕವನ್ನು ಇಲ್ಲಿ ಬಿಡಿಸಿ ನೋಡೋಣ. ಪಕ್ಕದಲ್ಲಿ ಒಂದು ಪೆನ್ಸಿಲು, ಒಂದು ಹಾಳೆ ಇರಲಿ.

ಮೊದಲು ನನ್ನದೇ ಒಂದು ತಪ್ಪನ್ನು ಹೇಳಿಬಿಡುತ್ತೇನೆ. ಬಿ.ಎಸ್ಸಿ. ಓದುತ್ತಿದ್ದಾಗ ಒಂದು ಡಿಸೆಂಬರ್ ತಿಂಗಳಲ್ಲಿ ಗೆಳೆಯನೊಬ್ಬನ ಜೊತೆ ಹುಣಸೂರಿನಿಂದ ಕೋಟೆಗೆ ಸೈಕಲ್ಲಿನಲ್ಲಿ ಹೊರಟಿದ್ದೆ. ಹೆದ್ದಾರಿಯ ಗದ್ದಲ ಬೇಡವೆಂದು ಕಾಡಿನ ಮಗ್ಗುಲಿನ ಒಳದಾರಿಯನ್ನು ಆರಿಸಿಕೊಂಡೆವು. ಅದು 40 ಕಿಲೋಮೀಟರ್ ಆಗುತ್ತಿತ್ತು. ಗಂಟೆಗೆ 14 ಕಿಲೋಮೀಟರ್ ಹಿಡಿದರೂ ಮೂರು ಗಂಟೆ ಸಾಕು ಎಂದುಕೊಂಡು ಮಧ್ಯಾಹ್ನ ಎರಡೂವರೆಗೆ ಹೊರಟೆವು. ಸಂಜೆ ಆರಕ್ಕೆ ಹೊತ್ತು ಮುಳುಗಿತು. ಆಗ ನಾವಿನ್ನೂ ಅರ್ಧ ದಾರಿಯನ್ನು ಸ್ವಲ್ಪ ದಾಟಿದ್ದೆವು. ಹೊಗೆಸೊಪ್ಪಿನ ಬ್ಯಾರನ್ ಮುಂದೆ ನಿಂತಿದ್ದ ರೈತರೊಬ್ಬರು ಕೈ ಅಡ್ಡ ಹಿಡಿದು ನಿಲ್ಲಿಸಿದರು. 'ಈ ಹೊತ್ನಲ್ಲಿ ಎಲ್ಲಿಗಪ್ಪಾ ಹೊಂಟಿದ್ದೀರಿ? ಆನೆ ಈಚೆ ಬರೋ ಹೊತ್ತಾಯ್ತು' ಎಂದರು. ನಮ್ಮ ಉತ್ತರಕ್ಕೂ ಕಾಯದೆ ಸೈಕಲ್ಲುಗಳನ್ನು ಒಳಗೆ ಹಾಕಿಸಿದರು. ರಾತ್ರಿಯಿಡೀ ಪಟಾಕಿಯ ಸದ್ದು, ತಮಟೆಯ ಸದ್ದು ಕೇಳುತ್ತಲೇ ಇತ್ತು. ಬೆಳಿಗ್ಗೆ ಹೊರಟು ಒಂದು ಕಿಲೋಮೀಟರ್ ಹೋಗುವಷ್ಟರಲ್ಲಿ ರಸ್ತೆಗೆ ಅಡ್ಡವಾಗಿ ಆನೆಯ ಹೆಜ್ಜೆಗಳೂ, ಸಿಗಿದುಹಾಕಿದ ಬಾಳೆಯ ಗಿಡಗಳೂ ಕಂಡವು. ಶಕ್ತಿಯ ನಿತ್ಯತೆಯ ನಿಯಮ ನಮ್ಮಿಬ್ಬರಿಗೂ ಬಾಯಿಪಾಠವಾಗಿತ್ತು. ಅದನ್ನು ದಾರಿಗೆ ಅನ್ವಯಿಸಿ ನೋಡುವ ಬುದ್ಧಿ ಮಾತ್ರ ಬಂದಿರಲಿಲ್ಲ.

ಏರಿನ ಬೆಲೆ

ಸವಾರ 60 ಕಿಲೋ, ಸೈಕಲ್ 18 ಕಿಲೋ, ಚೀಲ 7 ಕಿಲೋ ಎಂದು ಹಿಡಿಯಿರಿ. ಒಟ್ಟು 85 ಕಿಲೋ. ಇಷ್ಟು ಭಾರವನ್ನು 100 ಮೀಟರ್ ಎತ್ತರಕ್ಕೆ ಏರಿಸಲು ಬೇಕಾದ ಶಕ್ತಿ 85 × 9.8 × 100, ಅಂದರೆ 83,300 ಜೂಲ್. ಅಭ್ಯಾಸವಿರುವ ಸಾಧಾರಣ ಸವಾರ ದಿನವಿಡೀ ದಣಿಯದೆ ತುಳಿಯುವುದು ಸುಮಾರು 75 ವಾಟ್ ಸಾಮರ್ಥ್ಯದಲ್ಲಿ. ಭಾಗಿಸಿ ನೋಡಿದರೆ ಸುಮಾರು 1,110 ಸೆಕೆಂಡು ಬರುತ್ತದೆ. ಹದಿನೆಂಟು ನಿಮಿಷಕ್ಕೂ ಹೆಚ್ಚಾಯಿತು. ಅದೇ ಹೊತ್ತಿನಲ್ಲಿ ಸಮತಟ್ಟಾದ ರಸ್ತೆಯಲ್ಲಿ ನಾಲ್ಕೂವರೆ ಕಿಲೋಮೀಟರ್ ಹೋಗಬಹುದಿತ್ತು.

ಏರಿದ್ದು ಇಳಿಯಲೂ ಬೇಕಲ್ಲ, ಆಗ ವೇಗ ಸಿಗುವುದಿಲ್ಲವೇ ಎಂದು ನೀವು ಕೇಳಬಹುದು. ಸ್ವಲ್ಪ ಸಿಗುತ್ತದೆ. ಆದರೆ ವೇಗ ಎರಡರಷ್ಟಾದರೆ ಗಾಳಿಯ ತಡೆ ನಾಲ್ಕರಷ್ಟಾಗುತ್ತದೆ. ಇಳುಕಲಿನ ಕೊನೆಗೆ ಹಳ್ಳಿಯ ಉಬ್ಬೋ, ಕಿರಿದಾದ ಮೋರಿಯೋ, ದಾರಿಗೆ ಅಡ್ಡ ಬರುವ ದನಗಳೋ ಇರುತ್ತವೆ. ಬ್ರೇಕು ಹಿಡಿದಾಗ ನೀವು ಕೂಡಿಟ್ಟ ಶಕ್ತಿ ರಿಮ್ಮಿನಲ್ಲಿ ಶಾಖವಾಗಿ ಹೋಗುತ್ತದೆ. ಆದ್ದರಿಂದ ಪ್ರತಿ 100 ಮೀಟರ್ ಏರಿಗೆ 20 ನಿಮಿಷ ಎಂದು ಬರೆದಿಟ್ಟುಕೊಳ್ಳುವುದೇ ಕ್ಷೇಮ. ಕಾಲ್ನಡಿಗೆಯವರಿಗಾಗಿ ಇಂಥದೇ ಒಂದು ಸೂತ್ರವನ್ನು ಸ್ಕಾಟ್‌ಲೆಂಡಿನ ವಿಲಿಯಂ ನೈಸ್ಮಿತ್ 1892ರಲ್ಲೇ ಕೊಟ್ಟಿದ್ದರು. ಬೆಟ್ಟ ಹತ್ತುವವರು ಇಂದಿಗೂ ಅದನ್ನು ಬಳಸುತ್ತಾರೆ.

ಊಟದ ಲೆಕ್ಕವೂ ಇದರಲ್ಲೇ ಇದೆ. ನಮ್ಮ ಮಾಂಸಖಂಡಗಳು ಆಹಾರದ ಶಕ್ತಿಯಲ್ಲಿ ಕಾಲು ಭಾಗವನ್ನಷ್ಟೇ ಕೆಲಸವಾಗಿ ಮಾರ್ಪಡಿಸುತ್ತವೆ. ಉಳಿದದ್ದು ಮೈಬಿಸಿಯಾಗಿ, ಬೆವರಾಗಿ ಹೋಗುತ್ತದೆ. ಹಾಗಾಗಿ 100 ಮೀಟರ್ ಏರಿಗೆ ಸುಮಾರು 80 ಕಿಲೋಕ್ಯಾಲರಿ ಬೇಕು. ಹೆಚ್ಚುಕಡಿಮೆ ಒಂದು ಬಾಳೆಹಣ್ಣು!

ನಕ್ಷೆಯಲ್ಲಿ ಏರು ಹುಡುಕುವುದು

ಭಾರತೀಯ ಸರ್ವೇಕ್ಷಣ ಇಲಾಖೆಯ ಟೋಪೋಶೀಟುಗಳನ್ನು ನೀವು ಭೂಗೋಳದ ತರಗತಿಯಲ್ಲಿ ನೋಡಿರಬಹುದು. ಇವುಗಳಲ್ಲಿ 1:50,000 ಅಳತೆಯ ಹಾಳೆ ನಮ್ಮ ಕೆಲಸಕ್ಕೆ ಸರಿಯಾದದ್ದು. ಅದರಲ್ಲಿ ಎರಡು ಸೆಂಟಿಮೀಟರ್ ಎಂದರೆ ನೆಲದ ಮೇಲೆ ಒಂದು ಕಿಲೋಮೀಟರ್. ಹಳೆಯ ಎಣಿಕೆಯಂತೆ ನಮ್ಮ ನಾಲ್ಕೂ ಪಟ್ಟಣಗಳು 57ಡಿ ಗುಂಪಿಗೆ ಸೇರುತ್ತವೆ. ಹುಣಸೂರು ಮತ್ತು ಕೃಷ್ಣರಾಜನಗರ 7ನೆಯ ಹಾಳೆಯಲ್ಲಿ, ಪಿರಿಯಾಪಟ್ಟಣ 3ನೆಯದರಲ್ಲಿ, ಕೋಟೆ 8ನೆಯದರಲ್ಲಿ. 2017ರಿಂದ ಇಲಾಖೆಯ ನಕ್ಷೆಗಳನ್ನು ಅಂತರಜಾಲದಿಂದ ಉಚಿತವಾಗಿ ಪಡೆಯಲು ಅವಕಾಶವಾಗಿದೆ.

ಹಾಳೆಯ ಮೇಲಿನ ಕಂದು ಗೆರೆಗಳು ಸಮೋನ್ನತಿ ರೇಖೆಗಳು. ಒಂದು ಗೆರೆಯ ಮೇಲಿನ ಎಲ್ಲ ಸ್ಥಳಗಳೂ ಸಮುದ್ರಮಟ್ಟದಿಂದ ಒಂದೇ ಎತ್ತರದಲ್ಲಿರುತ್ತವೆ. ಪಕ್ಕದ ಗೆರೆಗೂ ಇದಕ್ಕೂ 20 ಮೀಟರ್ ಅಂತರ. ನಿಮ್ಮ ರಸ್ತೆ ಮೇಲ್ಮುಖವಾಗಿ ಎಷ್ಟು ಗೆರೆಗಳನ್ನು ದಾಟುತ್ತದೆಂದು ಎಣಿಸಿ 20ರಿಂದ ಗುಣಿಸಿದರೆ ಒಟ್ಟು ಏರು ಸಿಗುತ್ತದೆ. ಇಳಿಯುವಾಗ ದಾಟುವ ಗೆರೆಗಳನ್ನು ಕಳೆಯಬೇಡಿ.

ಇಲ್ಲೊಂದು ಮೋಸವಿದೆ. ನಮ್ಮ ಈ ಸೀಮೆ ಕೊಡಗಿನಂತೆ ಕಡಿದಾದ ಘಟ್ಟವಲ್ಲ. ಹತ್ತು ಹದಿನೈದು ಮೀಟರ್ ಇಳಿಯುವುದು, ಹಳ್ಳ ದಾಟುವುದು, ಮತ್ತೆ ಅಷ್ಟೇ ಏರುವುದು, ಇದೇ ಇಲ್ಲಿನ ಗುಣ. ಇಪ್ಪತ್ತು ಮೀಟರಿಗಿಂತ ಕಡಿಮೆಯ ದಿಬ್ಬಗಳು ಎರಡು ಗೆರೆಗಳ ನಡುವೆ ಅಡಗಿಬಿಡಬಹುದು. ಮೊಬೈಲಿನಲ್ಲಿ ದಾರಿ ತೋರಿಸುವ ಹಲವು ವ್ಯವಸ್ಥೆಗಳು ಬಳಸುವುದು 2000ದ ಫೆಬ್ರವರಿಯಲ್ಲಿ ಅಮೆರಿಕದ ಬಾಹ್ಯಾಕಾಶ ನೌಕೆಯಿಂದ ರೇಡಾರಿನ ಮೂಲಕ ಅಳೆದ ಎತ್ತರಗಳನ್ನು. ಅವು ಒಂದೊಂದು ಚೌಕ ನೆಲಕ್ಕೆ ಒಂದೊಂದು ಎತ್ತರ ಹೇಳುತ್ತವಾದ್ದರಿಂದ ಕಿರಿದಾದ ಹಳ್ಳಗಳು ಅಲ್ಲಿಯೂ ತುಂಬಿಹೋದಂತೆ ಕಾಣಬಹುದು.

ಹಾಗಾದರೆ ಉಪಾಯವೇನು? ನೀಲಿ ಗೆರೆಗಳನ್ನು ಎಣಿಸಿ. ರಸ್ತೆ ಹಳ್ಳವನ್ನು ದಾಟುವ ಕಡೆಯೆಲ್ಲ ಒಂದು ಇಳುಕಲು, ಒಂದು ಏರು ಇದ್ದೇ ಇರುತ್ತದೆ. ಪ್ರತಿ ಹಳ್ಳಕ್ಕೆ 15 ಮೀಟರ್ ಏರು ಹಾಕಿ. ಊರಿನ ಹೆಸರುಗಳೂ ಸಹಾಯಕ್ಕೆ ಬರುತ್ತವೆ. ಚುಂಚನಕಟ್ಟೆಯ ಕಟ್ಟೆ, ಹೆಬ್ಬಳ್ಳದ ಹಳ್ಳ, ನಾಗರಹೊಳೆಯ ಹೊಳೆ ನೀರಿನ ಜಾಗವನ್ನೂ ತಗ್ಗನ್ನೂ ಸೂಚಿಸುತ್ತವೆ. ಬೆಟ್ಟದಪುರದ ಹೆಸರಿಗೆ ವಿವರಣೆ ಬೇಕಿಲ್ಲ.

ನಾಲ್ಕು ದಿನದ ಸುತ್ತು

ಈಗ ಒಂದು ದಾರಿ ಗೊತ್ತುಮಾಡೋಣ. ಮೈಸೂರಿನಿಂದ ಹೊರಟು ಮೈಸೂರಿಗೇ ಬರುವ ಸುಮಾರು 200 ಕಿಲೋಮೀಟರಿನ ಸುತ್ತು. ಮೊದಲ ದಿನ ಬಿಳಿಕೆರೆಯ ಮೇಲೆ ಕೃಷ್ಣರಾಜನಗರ, ಅಲ್ಲಿಂದ ಕಾವೇರಿ ಧುಮುಕುವ ಚುಂಚನಕಟ್ಟೆ. ಎರಡನೆಯ ದಿನ ಈಗ ಪ್ರತ್ಯೇಕ ತಾಲ್ಲೂಕಾಗಿರುವ ಸಾಲಿಗ್ರಾಮ, ಬೆಟ್ಟದಪುರ, ಪಿರಿಯಾಪಟ್ಟಣ. ಮೂರನೆಯ ದಿನ ಹುಣಸೂರು, ಕೋಟೆ. ನಾಲ್ಕನೆಯ ದಿನ ಹ್ಯಾಂಡ್‌ಪೋಸ್ಟ್, ಹಂಪಾಪುರದ ಮೇಲೆ ಮೈಸೂರು.

ದೂರ ನೋಡಿದರೆ ದಿನಕ್ಕೆ 50 ಕಿಲೋಮೀಟರ್ ಆಸುಪಾಸು. ನಾಲ್ಕೂ ದಿನ ಒಂದೇ ಎನ್ನಿಸುತ್ತದೆ. ನೀರನ್ನು ನೋಡಿ. ಪಿರಿಯಾಪಟ್ಟಣ ಎತ್ತರದಲ್ಲಿದೆ, ಹುಣಸೂರು ಲಕ್ಷ್ಮಣತೀರ್ಥದ ದಂಡೆಯಲ್ಲಿದೆ. ಮೂರನೆಯ ದಿನದ ಬೆಳಗಿನ ದಾರಿ ಒಟ್ಟಿನಲ್ಲಿ ಇಳಿಮುಖ. ಹುಣಸೂರು ಬಿಟ್ಟ ಮೇಲೆ ಕತೆ ಬೇರೆ. ಅಲ್ಲಿಂದ ದಕ್ಷಿಣಕ್ಕೆ ಹೋಗುವ ರಸ್ತೆ ಲಕ್ಷ್ಮಣತೀರ್ಥದ ಜಲಾನಯನವನ್ನು ಬಿಟ್ಟು ಕಪಿಲೆಯ ಜಲಾನಯನಕ್ಕೆ ದಾಟಬೇಕು. ನದಿಯ ಜೊತೆಜೊತೆಗೆ ಸಾಗುವ ರಸ್ತೆಯಲ್ಲಿ ಏರು ಕಡಿಮೆ. ಹಳ್ಳಗಳಿಗೆ ಅಡ್ಡವಾಗಿ ಸಾಗುವ ರಸ್ತೆಯಲ್ಲಿ ಹೆಚ್ಚು. ಆದ್ದರಿಂದ ಪಿರಿಯಾಪಟ್ಟಣವನ್ನು ಆರು ಗಂಟೆಗೇ ಬಿಟ್ಟು, ಹುಣಸೂರನ್ನು ಒಂಬತ್ತರೊಳಗೆ ದಾಟಿ. ಕಷ್ಟದ ದಾರಿ ದಿನದ ಮೊದಲ ಅರ್ಧದಲ್ಲೇ ಮುಗಿಯಲಿ.

ಕೆಲವು ಸೂಚನೆಗಳು

ಅಕ್ಟೋಬರ್ ಕೊನೆಯಿಂದ ಫೆಬ್ರವರಿಯವರೆಗೆ ಒಳ್ಳೆಯ ಕಾಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪಶ್ಚಿಮದ ಗಾಳಿ ಎದುರಾಗುತ್ತದೆ. ಮಳೆಯಲ್ಲಿ ನೆನೆದ ಉಕ್ಕಿನ ರಿಮ್ಮಿಗೆ ಬ್ರೇಕು ಸರಿಯಾಗಿ ಹಿಡಿಯುವುದಿಲ್ಲ. ಹೊಗೆಸೊಪ್ಪಿನ ಹರಾಜಿನ ತಿಂಗಳುಗಳಲ್ಲಿ ಹುಣಸೂರು, ಪಿರಿಯಾಪಟ್ಟಣದ ಕಡೆ ಬೇಲು ಹೇರಿದ ವಾಹನಗಳು ಹೆಚ್ಚು, ಅಂಚು ಹಿಡಿದು ಹೋಗಿ.

ನಮ್ಮ ಹಳ್ಳಿಯ ಸೈಕಲ್ ಶಾಪುಗಳಲ್ಲಿ ಸಾಮಾನ್ಯವಾಗಿ ಸಿಗುವುದು ಹಳೆಯ 28 ಇಂಚಿನ ಚಕ್ರದ ಟ್ಯೂಬು ಮತ್ತು 26 ಇಂಚಿನದು. 2006ರಲ್ಲಿ ಶುರುವಾದ ಶಾಲಾಮಕ್ಕಳ ಉಚಿತ ಸೈಕಲ್ ಯೋಜನೆಯಿಂದ ಹಳ್ಳಿಹಳ್ಳಿಗೂ ಸೈಕಲ್ಲು ಬಂದಿತ್ತು. ಹೊಸ ನಮೂನೆಯ ಗೇರ್ ಸೈಕಲ್ಲಿನವರು ತಮ್ಮ ಅಳತೆಯ ಎರಡು ಟ್ಯೂಬು, ಪಂಪು, ಸೊಲ್ಯೂಷನ್ ಜೊತೆಗೇ ಒಯ್ಯಬೇಕು. ಗೇರಿಲ್ಲದ ಸೈಕಲ್ಲಿನವರು ನೂರು ಮೀಟರಿಗೆ ಐದು ಮೀಟರ್ ಏರುವ ಕಡೆ ಇಳಿದು ತಳ್ಳಿದರೆ ನಾಚಿಕೆಯೇನಿಲ್ಲ. ಮಂಡಿ ಉಳಿಯುತ್ತದೆ.

ಅರ್ಧದಲ್ಲೇ ನಿಲ್ಲಿಸಬೇಕಾಗಿ ಬಂದರೆ ಹೇಗೆಂದೂ ಯೋಚಿಸಿರಿ. ನಾಲ್ಕು ಪಟ್ಟಣಗಳಲ್ಲಿ ರೈಲು ನಿಲ್ದಾಣವಿರುವುದು ಕೃಷ್ಣರಾಜನಗರದಲ್ಲಿ ಮಾತ್ರ. ದೇಹವೂ ಸೈಕಲ್ಲೂ ಹೇಗಿವೆಯೆಂದು ಮೊದಲ ದಿನವೇ ಗೊತ್ತಾಗುವುದರಿಂದ ಸುತ್ತನ್ನು ಆ ಕಡೆಯಿಂದ ಆರಂಭಿಸಿದ್ದೇನೆ.

ಕೊನೆಯದಾಗಿ, ಕಾಡು. ಕೋಟೆಯಿಂದ ಅಂತರಸಂತೆಯ ಆಚೆ ಮಾನಂದವಾಡಿಗೆ ಹೋಗುವ ರಸ್ತೆ ನಾಗರಹೊಳೆ ಅಭಯಾರಣ್ಯದೊಳಗೆ ಹಾದುಹೋಗುತ್ತದೆ, ರಾತ್ರಿ ಸಂಚಾರಕ್ಕೆ ಮುಚ್ಚಿರುತ್ತದೆ. ಹಗಲಿನಲ್ಲಿಯೂ ಅದು ಸೈಕಲ್ಲಿನ ದಾರಿಯಲ್ಲ. ಕಾಡಂಚಿನ ಊರುಗಳಲ್ಲಿ ಸಂಜೆ ನಾಲ್ಕರ ಮೇಲೆ ಸೈಕಲ್ ಹತ್ತಬೇಡಿ.

ನಮ್ಮ ಅಂದಿನ ದಾರಿಯನ್ನು ಆಮೇಲೆ ಟೋಪೋಶೀಟಿನ ಮೇಲೆ ಅಳೆದೆ. ಇಪ್ಪತ್ತರ ಹತ್ತಿರ ಹಳ್ಳಗಳಿದ್ದವು. ಕೆಟ್ಟ ರಸ್ತೆಯಲ್ಲಿ ಗಂಟೆಗೆ 12ರಂತೆ 40 ಕಿಲೋಮೀಟರಿಗೆ ಮೂರು ಗಂಟೆ ಇಪ್ಪತ್ತು ನಿಮಿಷ. ಇಪ್ಪತ್ತು ಹಳ್ಳಗಳ 300 ಮೀಟರ್ ಏರಿಗೆ ಒಂದು ಗಂಟೆ. ನೀರು, ವಿಶ್ರಾಂತಿಗೆ ಮುಕ್ಕಾಲು ಗಂಟೆ. ಒಟ್ಟು ಐದು ಗಂಟೆ ದಾಟಿತು. ಕೋಟೆ ಸೇರುವಾಗ ರಾತ್ರಿ ಏಳೂವರೆ ಆಗಿರುತ್ತಿತ್ತು, ಆನೆಗಳು ದಾರಿ ಬಿಟ್ಟಿದ್ದರೆ. ಹೊರಡುವ ಮುನ್ನ ಈ ಲೆಕ್ಕ ಹಾಕಲು ಹತ್ತು ನಿಮಿಷವೂ ಬೇಕಿರಲಿಲ್ಲ. ನೀವು ಹೊರಡುವ ಹಿಂದಿನ ರಾತ್ರಿ ಆ ಹತ್ತು ನಿಮಿಷ ತೆಗೆದಿಡಿ.