ಸಿ.ಡಿ. ಪ್ಲೇಯರಿನ ನಾದಮಾಧುರ್ಯ

ಸೋನಿ ಮತ್ತು ಫಿಲಿಪ್ಸ್ ಸಂಸ್ಥೆಗಳು ಜೊತೆಗೂಡಿ ರೂಪಿಸಿದ ಸಿ.ಡಿ.ಯು 1982ರಲ್ಲಿ ಮಾರುಕಟ್ಟೆಗೆ ಬಂದಾಗ, ಸೆಕೆಂಡಿಗೆ 44,100 ಬಾರಿ ಅಳೆದು 16 ಬಿಟ್ಟುಗಳ ಅಂಕಿಗಳಾಗಿ ಬರೆದಿಟ್ಟ ನಾದವನ್ನು ಯಾವ ಯಂತ್ರವು ಓದಿದರೇನು ಎಂದು ತೋರುವುದು ಸಹಜವೇ ಆಗಿತ್ತು. ಆದರೆ ಆ ಅಂಕಿಗಳನ್ನು ಮರಳಿ ಧ್ವನಿತರಂಗವಾಗಿ ಮಾರ್ಪಡಿಸುವ ವಿಧಾನವು ಎಲ್ಲರದೂ ಒಂದೇ ಆಗಿರಲಿಲ್ಲ. ಮಾರ್ಪಾಟಿನಲ್ಲಿ ಹುಟ್ಟುವ ಶ್ರವಣಾತೀತ ಪ್ರತಿಬಿಂಬಗಳನ್ನು ಸೋನಿಯ ಸಿ.ಡಿ.ಪಿ.-101 ಎಂಬ ಪ್ಲೇಯರು ಕಡಿದಾದ ಅನಲಾಗ್ ಫಿಲ್ಟರಿನಿಂದ ತಡೆಯಿತು. ಫಿಲಿಪ್ಸಿನವರಾದರೋ 14 ಬಿಟ್ಟಿನ ಪರಿವರ್ತಕವನ್ನೇ ಇಟ್ಟುಕೊಂಡು, ಗಣಿತದ ನೆರವಿನಿಂದ ಅಳತೆಗಳನ್ನು ನಾಲ್ಮಡಿಗೊಳಿಸಿ, ಪ್ರತಿಬಿಂಬಗಳನ್ನು ದೂರ ಸರಿಸಿ, ಸೌಮ್ಯವಾದ ಫಿಲ್ಟರಿನಿಂದಲೇ ಕಾರ್ಯವನ್ನು ಸಾಧಿಸಿದರು. ಈ ಉಪಾಯದ ಸೊಗಸು ನನ್ನನ್ನು ಇಂದಿಗೂ ಬೆರಗುಗೊಳಿಸುತ್ತದೆ.

ಆದ್ದರಿಂದ ಕೊಳ್ಳುವಾತನು ಜಾಹೀರಾತಿನ ಬಿಟ್ಟುಗಳನ್ನು ಎಣಿಸುತ್ತ ಕೂರದೆ, ಪರಿವರ್ತಕದ ಮುಂದಣ ಅನಲಾಗ್ ಭಾಗವೂ ವಿದ್ಯುತ್ ಪೂರೈಕೆಯೂ ಎಷ್ಟು ಶ್ರದ್ಧೆಯಿಂದ ರಚಿತವಾಗಿವೆಯೆಂಬುದನ್ನು ವಿಚಾರಿಸಿ, ತಾನು ಚೆನ್ನಾಗಿ ಬಲ್ಲ ಗಾಯನದ ಅಥವಾ ಪಿಟೀಲಿನ ಸಿ.ಡಿ.ಯೊಂದನ್ನು ಅಂಗಡಿಗೆ ಒಯ್ದು, ಸಕಾರ ಶಕಾರಗಳು ಕಿವಿಯನ್ನು ಚುಚ್ಚುವುವೇ ಎಂದು ಪರೀಕ್ಷಿಸುವುದು ಲೇಸು. ಹೋಲಿಸುವಾಗ ಎರಡು ಯಂತ್ರಗಳ ಧ್ವನಿಪ್ರಮಾಣವು ಸಮವಾಗಿರಬೇಕು; ತುಸು ಗಟ್ಟಿಯಾಗಿ ನುಡಿಯುವುದೇ ಇಂಪೆಂದು ಭ್ರಮಿಸುವುದು ಕಿವಿಯ ಸ್ವಭಾವ, ಜಾಣ ವ್ಯಾಪಾರಿಗೆ ಇದು ತಿಳಿಯದುದೇನಲ್ಲ. ಹಳೆಯ ಯಂತ್ರವನ್ನು ಕೊಳ್ಳಬಯಸುವವರು ಮೊದಲು ಅದರ ಲೇಸರ್ ಭಾಗಕ್ಕೆ ಬದಲಿ ದೊರೆಯುವುದೇ ಎಂದು ಕೇಳತಕ್ಕದ್ದು.